ಇಲ್ಲಿ ಬರೆಯಲಾರೆ

ಮಾರ್ಚ್ ೧೧, ಬುಧವಾರ

ಪ್ರಿಯ ಪೀಪಿ,

ಬಯ್ಯುವುದಿದ್ದರೆ ಮೊದಲೇ ಬೈದು ಮುಗಿಸು, ಆಮೇಲೆ ಓದು. ನಿನ್ನ ಪತ್ರ ಬಂದು ನಾಲ್ಕು ತಿಂಗಳಾಯಿತು. ಕಣ್ಣಿನ ಪೊರೆ ತೆಗೆಸಿದೆ, ಸಭೆಗಳಿದ್ದವು, ಕಾರ್ಯದರ್ಶಿಗೆ ಹುಷಾರಿರಲಿಲ್ಲ ಎಂದೆಲ್ಲ ಬರೆಯಬಹುದಿತ್ತು. ಇಪ್ಪತ್ತೆಂಟು ವರ್ಷ ಧರ್ಮಸಭೆಯ ರಾಯಭಾರಿಯಾಗಿ ನಾಲ್ಕು ದೇಶ ಸುತ್ತಿ, ಕೊನೆಗೆ ಕಾರ್ಡಿನಲ್ ಆಗಿ ಕೆಂಪು ಟೋಪಿ ಹಾಕಿ ಕೂತವನಿಗೆ ನೆಪಗಳಿಗೇನು ಬರ! ಆದರೆ ನಿನ್ನ ಹತ್ತಿರ ಆ ಆಟ ನಡೆಯುವುದಿಲ್ಲ. ನಿಜ ಏನೆಂದರೆ, ನಾನು ನಿನ್ನ ಪತ್ರವನ್ನು ಅನುಮಾನಿಸಿದೆ.

ಇದರಲ್ಲಿ ಹೊಸದೇನಿದೆ ಅನ್ನುತ್ತೀಯ. ಪಾದ್ರಿಗಳಾಗಲು ಓದುತ್ತಿದ್ದ ಗುರುಮಠದಲ್ಲಿ ನನ್ನ ಸೋಪು ಒಂದು ಕೂದಲೆಳೆ ಸವೆದರೂ ಯಾರು ಮುಟ್ಟಿದರು ಎಂದು ಮೂಸುತ್ತ ಓಡಾಡುತ್ತಿದ್ದವನಿಗೆ ಪತ್ತೇದಾರ ಎಂದು ಹೆಸರಿಟ್ಟವನೇ ನೀನು. ಹಾಡಲು ನಿಂತರೆ ಕೀರಲು ದನಿ ಹೊರಡುತ್ತಿದ್ದ ನಿನ್ನ ಗಂಟಲಿಗೆ ಪೀಪಿ ಎಂದು ಹೆಸರಿಟ್ಟು ನಾನು ಸೇಡು ತೀರಿಸಿಕೊಂಡೆ. ನಿನ್ನ ಗಂಟಲು ಹಾಗೇ ಉಳಿಯಿತು. ನನ್ನ ಗುಣಕ್ಕೆ ಮಾತ್ರ ಬಡ್ತಿ ಸಿಕ್ಕಿತು. ಒಂದು ದೇಶದಲ್ಲಿ ನಮ್ಮ ಗೋಡೆಗಳ ಒಳಗೆ ಮಾತು ಕದಿಯುವ ಯಂತ್ರ ಇಟ್ಟಿದ್ದರು. ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲೇ ಮಾತಾಡುತ್ತಿದ್ದೆವು. ಅಲ್ಲಿಂದ ಬಂದು ಹದಿನೈದು ವರ್ಷವಾದರೂ ಫೋನು ಎತ್ತಿದರೆ ನನ್ನ ಎಡಗೈ ನಲ್ಲಿಯ ಕಡೆ ಹೋಗುತ್ತದೆ. ಮೊನ್ನೆ ಅಡುಗೆಮನೆಯ ಸಿಸ್ಟರ್ ರೇಗಿದರು: "ಟ್ಯಾಂಕು ಖಾಲಿ ಆಯ್ತು ಸ್ವಾಮಿ. ಇನ್ನು ನಿಮ್ಮ ಗುಟ್ಟನ್ನೆಲ್ಲ ನೀರಿಲ್ದೆ ಹೇಳ್ಕೊಳ್ಳಿ."

ಈಗ ನಿನ್ನ ಪತ್ರದ ವಿಷಯ. ನಿಮ್ಮ ಹೊಸ ಬಿಷಪ್ಪರು ನಿನ್ನನ್ನು ಕರೆಸಿ, ಇನ್ನು ಮುಂದೆ ಶಾಲೆಯ ಕಾಂಪೌಂಡಿಗೆ ಕಾಲಿಡಬೇಡಿ ಎಂದರು ಎಂದು ಬರೆದಿದ್ದೆ. ಹತ್ತೊಂಬತ್ತು ವರ್ಷ ಹಿಂದೆ ನೀನೇ ಕಟ್ಟಿಸಿದ ಶಾಲೆ. ಬೆಂಚಿನ ಕಾಲು ಮುರಿದರೆ ನೀನೇ ಮೊಳೆ ಹೊಡೆಯುತ್ತಿದ್ದೆ, ಶನಿವಾರ ನೀನೇ ಲೆಕ್ಕ ಹೇಳಿಕೊಡುತ್ತಿದ್ದೆ. ಯಾಕೆ ಎಂದು ಕೇಳಿದರೆ, "ನಿಮ್ಮ ಫೈಲಿನಲ್ಲಿ ಏನೋ ಇದೆ ಫಾದರ್, ನನ್ನನ್ನು ಕೇಳಬೇಡಿ" ಎಂದರಂತೆ. ಮುಖ್ಯೋಪಾಧ್ಯಾಯಿನಿ ಈಗ ನಿನ್ನನ್ನು ಕಂಡರೆ ಕೈಚೀಲದೊಳಗೆ ಏನೋ ಹುಡುಕುತ್ತಾರಂತೆ. ಮಕ್ಕಳು ರಸ್ತೆಯ ಆಚೆಯಿಂದ ಕೈ ಬೀಸಿದರೆ ಬೀಸಲೋ ಬೇಡವೋ ಎಂದು ನೀನು ಜಗಲಿಯಲ್ಲಿ ನಿಂತಿರುತ್ತೀಯಂತೆ. "ನೀನು ದೊಡ್ಡ ಮನುಷ್ಯ. ಆ ಫೈಲಿನಲ್ಲಿ ಏನಿದೆ ಅಂತ ನೋಡಿ ಹೇಳ್ತೀಯಾ?" ಇಷ್ಟೇ ನೀನು ಕೇಳಿದ್ದು.

ಓದಿದವನೇ ಎದ್ದು ಕೋಣೆಯ ಬಾಗಿಲು ಹಾಕಿದೆ. ಏಕೆಂದರೆ ಆ ಫೈಲಿನಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿರುವುದು ನಿನಗೂ ಗೊತ್ತಾಗಿ, ನನ್ನ ಬಾಯಿಂದಲೇ ಹೊರಡಿಸಲು ಈ ಪತ್ರ ಬರೆದಿದ್ದೀಯ ಎಂದುಕೊಂಡೆ. ಮೂರು ಸಲ ಓದಿದೆ. "ದೊಡ್ಡ ಮನುಷ್ಯ" ಎಂಬುದು ಕುಟುಕೋ ಮೆಚ್ಚುಗೆಯೋ ಎಂದು ತೂಗಿ ನೋಡಿದೆ. ನಾಲ್ಕು ತಿಂಗಳು ಕಳೆದದ್ದು ಹೀಗೆ.

ಮೊದಲಿನಿಂದ ಹೇಳುತ್ತೇನೆ, ಸಹಿಸಿಕೊ. ಮೂವತ್ತೊಂದು ವರ್ಷದ ಹಿಂದೆ ನಮ್ಮ ಧರ್ಮಪ್ರಾಂತ್ಯಕ್ಕೆ ಬಿಷಪ್ಪರನ್ನು ಹುಡುಕುತ್ತಿದ್ದಾಗ ನನ್ನ ಹೆಸರು ಹೋಗಿತ್ತು. ಅದರ ಪದ್ಧತಿ ನಿನಗೆ ಗೊತ್ತೇ ಇದೆ. ಆ ಮನುಷ್ಯನನ್ನು ಬಲ್ಲ ಹತ್ತು ಹನ್ನೆರಡು ಜನರಿಗೆ ಗುಟ್ಟಾಗಿ ಪ್ರಶ್ನೆಗಳ ಹಾಳೆ ಬರುತ್ತದೆ. ಇವರು ಹೇಗೆ, ನಡತೆ ಹೇಗೆ, ಬಿಷಪ್ ಆಗಲು ತಕ್ಕವರೇ ಎಂದು. ಉತ್ತರ ಬರೆದವರು ತಾವು ಬರೆದೆವು ಎಂದು ಸಾಯುವವರೆಗೂ ಬಾಯಿ ಬಿಡುವಂತಿಲ್ಲ. ಕೊನೆಗೆ ನನ್ನನ್ನು ಬಿಷಪ್ ಮಾಡಲಿಲ್ಲ. ಭಾಷೆಗಳು ಬರುತ್ತವೆ ಎಂದು ರಾಯಭಾರದ ಕೆಲಸಕ್ಕೆ ಹಾಕಿ ಕಡಲಾಚೆ ಕಳಿಸಿದರು. ಹೊರಡುವ ದಿನ ಗುರುಮಠದ ಹಿರಿಯರು ನನ್ನ ಭುಜ ತಟ್ಟಿ, "ಒಬ್ಬರು ಒಪ್ಪಲಿಲ್ಲ ಕಣಪ್ಪ, ಅಷ್ಟೇ" ಎಂದರು. ಅದೇ ದಿನ ನೀನು ನನ್ನ ಮುಖ ನೋಡದೆ, ಊಟಕ್ಕೂ ನಿಲ್ಲದೆ ಸೈಕಲ್ ಹತ್ತಿ ಹೋದೆ.

ಇನ್ನೇನು ಬೇಕು ಪತ್ತೇದಾರನಿಗೆ? ಆ ಒಬ್ಬ ನೀನೇ ಎಂದು ತೀರ್ಮಾನವಾಯಿತು. ವಿಮಾನದಲ್ಲಿ ಹನ್ನೊಂದು ಗಂಟೆ ಅದನ್ನೇ ಮೆಲುಕು ಹಾಕಿದೆ. ನೀನು ಪ್ರತಿ ವರ್ಷ ನನ್ನ ಹುಟ್ಟಿದ ದಿನಕ್ಕೆ ಬರೆಯುತ್ತಿದ್ದ ಪತ್ರಗಳನ್ನು, ತಪ್ಪು ಮಾಡಿದವನು ಮುಚ್ಚಿಹಾಕಲು ಬರೆದದ್ದು ಎಂದೇ ಓದಿದೆ. ಎರಡು ಸಾಲಿನ ಉತ್ತರ ಕೊಡುತ್ತಿದ್ದೆ. ನಿನಗದು ತಟ್ಟಿರಬೇಕು.

ಒಂಬತ್ತು ವರ್ಷ ಕಳೆದ ಮೇಲೆ ಅಂಥದೇ ಹಾಳೆ ನನ್ನ ಮೇಜಿಗೆ ಬಂತು. ಈ ಸಲ ಅದರ ಮೇಲಿದ್ದದ್ದು ನಿನ್ನ ಹೆಸರು. ಹೌದು, ನಿನ್ನನ್ನು ಬಿಷಪ್ ಮಾಡಬಹುದೇ ಎಂದು ಕೇಳಿದ್ದರು. ನಿನಗೆ ಇದು ಇವತ್ತೇ ಗೊತ್ತಾಗುತ್ತಿದೆ. ಕೂತು ಓದು.

ಸುಳ್ಳು ಬರೆಯಲು ನನಗೆ ಧೈರ್ಯ ಬರಲಿಲ್ಲ. ಸುಳ್ಳಾದರೆ ಯಾರಾದರೂ ವಿಚಾರಿಸುತ್ತಾರೆ, ಸಿಕ್ಕಿಬೀಳುತ್ತದೆ. ನಮ್ಮ ಕಸುಬಿನಲ್ಲಿ ಅದಕ್ಕಿಂತ ನಾಜೂಕಿನ ದಾರಿ ಇದೆ. ನಾನು ಬರೆದದ್ದು ಇಷ್ಟು: "ಈ ಗುರುಗಳ ಬಗ್ಗೆ ನನಗೊಂದು ವಿಷಯ ತಿಳಿದಿದೆ, ಅದನ್ನು ಇಲ್ಲಿ ಬರೆಯಲಾರೆ." ನನ್ನ ಮನಸ್ಸಿನಲ್ಲಿದ್ದ ವಿಷಯ ಒಂದೇ: ಇವನು ಗೆಳೆಯನ ಬೆನ್ನಿಗೆ ಚೂರಿ ಹಾಕುವವನು. ನಿನ್ನ ಹೆಸರು ಅಲ್ಲಿಗೆ ನಿಂತಿತು. ಬರೆದವನ ಹೆಸರಿಲ್ಲದೆ ಆ ಸಾಲು ನಿಮ್ಮ ಬಿಷಪ್ಪರ ಕಚೇರಿಯ ನಿನ್ನ ಫೈಲಿಗೂ ಸೇರಿತು. ಆ ದಿನ ಚೆನ್ನಾಗಿ ಊಟ ಮಾಡಿದೆ. ಅದನ್ನೂ ಹೇಳಿಬಿಡುತ್ತೇನೆ.

ಇಪ್ಪತ್ತೆರಡು ವರ್ಷದ ಹಿಂದೆ ಆ ಸಾಲಿಗೆ ಅಂಥ ಅರ್ಥ ಇರಲಿಲ್ಲ. ಇವತ್ತು ಒಬ್ಬ ಗುರುವಿನ ಫೈಲಿನಲ್ಲಿ, ಅದೂ ಶಾಲೆಯಲ್ಲಿ ಓಡಾಡುವ ಗುರುವಿನ ಫೈಲಿನಲ್ಲಿ, ಅಂಥ ಸಾಲು ಕಂಡರೆ ಯಾವ ಬಿಷಪ್ಪನಿಗಾದರೂ ಮಕ್ಕಳ ವಿಷಯದಲ್ಲಿ ಏನು ಭಯ ಹುಟ್ಟುತ್ತದೆ ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಬಿಷಪ್ಪರದು ತಪ್ಪಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಹೋದ ಗುರುವಾರ ಇಲ್ಲಿನ ದಾಖಲೆಕೋಣೆಗೆ ಹೋದೆ. ನಿನ್ನ ಫೈಲು ತರಿಸಿದೆ. ನನ್ನ ಅಕ್ಷರ ನನ್ನನ್ನೇ ದುರುಗುಟ್ಟಿ ನೋಡಿತು. ಆಮೇಲೆ ನನ್ನ ಫೈಲನ್ನೂ ಕೇಳಿದೆ. ಅಲ್ಲಿನ ಮುದುಕ ಗುರುಗಳು ಕಡ್ಡಿ ಮುರಿದಂತೆ, "ತಮ್ಮ ಫೈಲು ತಾವೇ ನೋಡೋ ಹಾಗಿಲ್ಲ ಸ್ವಾಮಿ, ಕಾರ್ಡಿನಲ್ ಆದ್ರೂ ಅಷ್ಟೇ" ಎಂದರು. ಹಾಗೆಂದವರು ಬೀಗದ ಕೈಯನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಎದ್ದು ಹೋದರು. ಮರೆತು ಬಿಟ್ಟರೋ, ಬೇಕೆಂದೇ ಬಿಟ್ಟರೋ, ಆಣೆಯಾಗಿ ಗೊತ್ತಿಲ್ಲ. ಅದರ ಬಗ್ಗೆಯೂ ನನಗೊಂದು ಅನುಮಾನ ಇದೆ.

ಬೀಗ ತೆಗೆದು ನನ್ನ ಫೈಲು ನೋಡಿಯೇಬಿಟ್ಟೆ. ಹನ್ನೊಂದು ಉತ್ತರಗಳಿದ್ದವು. ಬೇಡ ಎಂದವರು ಒಬ್ಬರೇ. ನನ್ನ ಭುಜ ತಟ್ಟಿದ ಆ ಹಿರಿಯರೇ! "ಭಾಷೆಗಳು ಇವನಿಗೆ ಬೇಗ ಒಲಿಯುತ್ತವೆ, ಜನ ಒಲಿಯುವುದಿಲ್ಲ" ಎಂದು ಬರೆದಿದ್ದರು. ಒಬ್ಬರು ಒಪ್ಪಲಿಲ್ಲ ಎಂದು ಅವರು ನನಗೆ ಹೇಳಿದ್ದು ಸುಳ್ಳಲ್ಲ. ಆ ಒಬ್ಬರು ತಾವೇ ಎಂಬುದನ್ನು ಮಾತ್ರ ನುಂಗಿಕೊಂಡಿದ್ದರು.

ಒಂಬತ್ತನೆಯದು ನಿನ್ನದು. ನೀನು ಮರೆತಿರಬಹುದು, ನಾನು ಅಲ್ಲೇ ಕೂತು ಬಾಯಿಪಾಠ ಮಾಡಿಕೊಂಡೆ. "ಇವನು ಎಲ್ಲರನ್ನೂ ಅನುಮಾನಿಸುತ್ತಾನೆ. ಇವನನ್ನು ಆರಿಸದಿದ್ದರೆ ನಾನೇ ತಪ್ಪಿಸಿದೆ ಎಂದು ಅನುಮಾನಿಸುತ್ತಾನೆ. ಆದರೂ ಇವನನ್ನೇ ಮಾಡಿ. ಜನರ ನಡುವೆ ಬಿಟ್ಟರೆ ಈ ಗುಣ ವಾಸಿಯಾದೀತು. ಕಾಗದಗಳ ನಡುವೆ ಕೂರಿಸಿದರೆ ಕೆಟ್ಟುಹೋಗುತ್ತಾನೆ."

ಅತ್ತೆ ಕಣೋ. ದಾಖಲೆಕೋಣೆಯ ಸ್ಟೂಲಿನ ಮೇಲೆ, ಕೆಂಪು ಟೋಪಿ ತೊಡೆಯ ಮೇಲಿಟ್ಟುಕೊಂಡು ಅತ್ತೆ. ಆ ದಿನ ನೀನು ಮುಖ ತಪ್ಪಿಸಿ ಹೋದದ್ದು ಯಾಕೆ ಎಂದು ಈಗ ಅರ್ಥವಾಗುತ್ತದೆ. ನಿನ್ನ ಬಾಯಿ ಕಟ್ಟಿತ್ತು, ಮುಖ ಮಾತ್ರ ಸುಳ್ಳು ಹೇಳಲು ಒಪ್ಪಲಿಲ್ಲ. ಇಷ್ಟು ಸುಲಭದ ವಿಷಯ ನನಗೆ ಮೂವತ್ತೊಂದು ವರ್ಷ ಹೊಳೆಯಲಿಲ್ಲ.

ಮನೆಗೆ ಬಂದು ನಿಮ್ಮ ಬಿಷಪ್ಪರಿಗೆ ಒಂದು ಕಾಗದ ಬರೆದೆ. ಆ ಸಾಲು ಬರೆದವನು ನಾನು, ಅದರ ಹಿಂದೆ ಯಾವ ವಿಷಯವೂ ಇರಲಿಲ್ಲ, ಇದ್ದದ್ದು ನನ್ನ ಹೊಟ್ಟೆಯೊಳಗಿನ ಹಗೆ ಮಾತ್ರ, ಇವರ ಮೇಲೆ ಎಳ್ಳಷ್ಟೂ ಕಳಂಕ ಕಂಡಿಲ್ಲ ಎಂದು ಸಹಿ ಹಾಕಿ ಮುದ್ರೆ ಒತ್ತಿದೆ. ಗುಟ್ಟು ಒಡೆದದ್ದಕ್ಕೆ ನನ್ನ ಕುರ್ಚಿ ಹೋಗಬಹುದು, ಈ ಕೆಂಪು ಬಣ್ಣವೂ ಹೋಗಬಹುದು. ಸಿಸ್ಟರಿಗೆ ಎಲ್ಲ ಹೇಳಿದೆ. ಹುರುಳಿಕಾಯಿ ಮುರಿಯುತ್ತಿದ್ದವರು ತಲೆ ಎತ್ತದೆ, "ಬಿಷಪ್ಪರಿಗೆ ಬರೆದಿದ್ದು ಸರಿ. ಆ ಫಾದರ್‌ಗೆ ಹೇಳಿದ್ರಾ?" ಎಂದರು. ಇಲ್ಲ ಎಂದೆ. "ಮತ್ತೆ ಯಾರ ಹತ್ರ ಕ್ಷಮೆ ಕೇಳಿದ್ದು ನೀವು?" ಎಂದರು. ಹಾಗಾಗಿ ಈ ಪತ್ರ.

ಕ್ಷಮಿಸು ಎಂದು ಕೇಳುತ್ತಿದ್ದೇನೆ. ಆದರೆ ಕ್ಷಮಿಸಿದ್ದೇನೆ ಎಂದು ಬರೆದು ಕಳಿಸಬೇಡ. ಕಳಿಸಿದರೆ ಮೂರು ಸಲ ಓದಿ ಅದರ ಹಿಂದೆ ಏನಿದೆ ಎಂದು ಹುಡುಕುತ್ತೇನೆ, ನನ್ನ ಜಾತಕ ನಿನಗೆ ಗೊತ್ತಲ್ಲ. ಬಂದು ಎದುರು ಕೂತು ಬಯ್ಯಿ. ನಿನಗೆ ಮಂಡಿನೋವು, ಬರಲಾಗದಿದ್ದರೆ ನಾನೇ ಬರುತ್ತೇನೆ.

ಇಷ್ಟು ವರ್ಷ ಎಲ್ಲ ಪತ್ರಗಳ ಕೊನೆಗೂ ಆಶೀರ್ವಾದ ಬರೆದೆ. ಇವತ್ತು ಕೈ ಏಳುತ್ತಿಲ್ಲ. ನಿನ್ನ ಪೂಜೆಯಲ್ಲಿ ನನಗೊಂದು ಆಶೀರ್ವಾದ ಹಾಕು. ನಿನಗೂ, ರಸ್ತೆಯಾಚೆಯ ಆ ಮಕ್ಕಳಿಗೂ ಒಳ್ಳೆಯದಾಗಲಿ.

ನಿನ್ನ,
ಪತ್ತೇದಾರ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಬಿಷಪ್ಪರಿಗೆ ಬರೆದ ಕಾಗದವನ್ನು ಕಳಿಸಿದೆ ಎಂದು ನೀನು ಅಂದುಕೊಂಡಿರುತ್ತೀಯ. ಹಾಗೆ ಅಂದುಕೊಳ್ಳಲಿ ಎಂದೇ ಮೇಲೆ ಹಾಗೆ ಬರೆದೆ. ಕಳಿಸಿಲ್ಲ. ಆರು ದಿನದಿಂದ ನನ್ನ ಮೇಜಿನ ಮೇಲಿದೆ. ದಿನಾ ಬೆಳಗ್ಗೆ ಒಂದು ಕಾರಣ ಹುಟ್ಟುತ್ತದೆ: ಇನ್ನೊಂದು ಸಭೆ ಮುಗಿಯಲಿ, ಆ ಪದವನ್ನು ಸ್ವಲ್ಪ ಮೆತ್ತಗೆ ಮಾಡೋಣ, ಹೇಗೂ ಮುಂದಿನ ವರ್ಷ ಪೀಪಿ ನಿವೃತ್ತನಾಗುತ್ತಾನೆ, ಈಗೇಕೆ. ನಾನು ಜೀವಮಾನವೆಲ್ಲ ಅನುಮಾನಿಸಿದ ನಮ್ಮವರಲ್ಲಿ ಯಾರೂ ನನಗೆ ಕೆಟ್ಟದ್ದು ಮಾಡಿರಲಿಲ್ಲ. ಅನುಮಾನಿಸಬೇಕಾದ ಒಬ್ಬನ, ಕನ್ನಡಿಯಲ್ಲಿ ಕಾಣುವವನ ಮೇಲೆ ಮಾತ್ರ ನನಗೆ ಒಂದು ದಿನವೂ ಅನುಮಾನ ಬರಲಿಲ್ಲ. ಅವನ ಕೈಯಲ್ಲಿ ಆ ಕಾಗದ ಇನ್ನೊಂದು ದಿನ ಇದ್ದರೆ ಒಲೆಗೆ ಹೋಗುತ್ತದೆ. ಅಂಚೆಯಲ್ಲಿ ಬಿಷಪ್ಪರಿಗೆ ಕಳಿಸಿದರೆ ಅದೂ ಗುಟ್ಟಾಗಿ ಇನ್ನೊಂದು ಫೈಲು ಸೇರುತ್ತದೆ. ಅದಕ್ಕೇ ಮೂಲ ಕಾಗದವನ್ನೇ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಪ್ರತಿ ಇಟ್ಟುಕೊಂಡಿಲ್ಲ. ಮೊದಲು ಮುಖ್ಯೋಪಾಧ್ಯಾಯಿನಿಗೆ ಓದಲು ಕೊಡು, ಆಮೇಲೆ ಬಿಷಪ್ಪರ ಕೈಗೆ ನೀನೇ ಕೊಡು. ಸಿಸ್ಟರ್ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಲಕೋಟೆ ಅಂಟಿಸಲು ಅವರಿಗೇ ಹೇಳಿದ್ದೇನೆ, ನನ್ನ ಕೈಗೆ ಮತ್ತೆ ಕೊಡಬೇಡಿ ಎಂದೂ ಹೇಳಿದ್ದೇನೆ.