ಗಿರಣಿಯಲ್ಲಿ ನಿಂತ ಡಬ್ಬಾ ಜೀಪು

ಹುಮನಾಬಾದ
೨೬ ಮೇ ೧೯೭೬

ಹುಲಸೂರ ಸೀಮೆಯ ಏಕಚ್ಛತ್ರಾಧಿಪತಿಗಳೂ, ಮೊಳಕಾಲುದ್ದದ ಕರಿಮಣ್ಣಿನ ಕೆಸರನ್ನು ಬರಿಗಾಲಿನಲ್ಲಿ ಗೆದ್ದವರೂ, ಎರಡು ಎತ್ತು ಒಂದು ಎಮ್ಮೆಯ ಚತುರಂಗ ಬಲಕ್ಕೆ ಒಡೆಯರೂ, ಭೂಮಂಡಲದಲ್ಲಿ ನನ್ನ ಅಕ್ಕ ಶಕುಂತಲಾದೇವಿಯೊಬ್ಬಳಿಗೆ ಮಾತ್ರ ಅಂಜುವವರೂ ಆದ ಶ್ರೀಮನ್ಮಹಾರಾಜ ಮಹಾರುದ್ರಪ್ಪ ಮಾಮಾನವರ ಪಾದಗಳಿಗೆ, ಹುಮನಾಬಾದಿನ ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿದು ಸೀರೆಗಳ ಸಾಮ್ರಾಜ್ಯ ಅಳೆಯುವ, ನಿಮ್ಮ ಹೆಂಡತಿಯ ಏಕೈಕ ತಮ್ಮ ವೈಜನಾಥನ ಶರಣು ಶರಣಾರ್ಥಿ.

ನಾನು ಕ್ಷೇಮ. ನಿಮ್ಮ ಕಾರ್ಡು ಬಂದು ಹದಿನೆಂಟು ದಿನವಾಯಿತು. ಉತ್ತರ ತಡವಾದದ್ದಕ್ಕೆ ಮೂರು ಕಾರಣಗಳಿವೆ. ಒಂದು, ಮದುವೆಯ ಹಂಗಾಮು. ಅಂಗಡಿಯಲ್ಲಿ ಉಸಿರು ಬಿಡಲು ಪುರಸತ್ತಿಲ್ಲ. ಎರಡು, ನನ್ನ ಹುಟ್ಟು ಆಲಸ್ಯ. ಮೂರನೆಯದನ್ನು ಬರೆಯಲು ಕುಳಿತಾಗಲೆಲ್ಲ ಹಾಳೆ ಹರಿದು ಹಾಕುತ್ತೇನೆ. ನಗಬೇಡಿ. ಅಕ್ಕನಿಗೂ ನಗಬೇಡ ಎಂದು ಹೇಳಿರಿ.

ನೀವು ನನಗೆ ವಹಿಸಿದ ಕೆಲಸ ನನಗೆ ಚೆನ್ನಾಗಿ ನೆನಪಿದೆ. ಅಕ್ಕನ ದಿನಗಳು ತುಂಬುವುದು ಶ್ರಾವಣದ ನಡುಮಳೆಯಲ್ಲಿ. ಅವ್ವ ಇಲ್ಲದ ತವರು ಎಂದರೆ ನನ್ನ ಒಂದು ಕೋಣೆಯ ಬಾಡಿಗೆಮನೆ. ಅಲ್ಲಿಗೆ ಅವಳನ್ನು ಕರೆತರುವಂತಿಲ್ಲ. ನಿಮ್ಮ ಹೊಲದ ಮನೆಯಿಂದ ಬಸವಕಲ್ಯಾಣದ ರಸ್ತೆ ಮುಟ್ಟುವುದರೊಳಗೆ ಚಕ್ಕಡಿಯ ಗಾಲಿ ಅಚ್ಚಿನ ತನಕ ಹೂಳುತ್ತದೆ. ಎರಡು ವರ್ಷದ ಹಿಂದೆ ಆ ಕೆಸರಿನಲ್ಲಿಯೇ, ಚಕ್ಕಡಿಯಲ್ಲಿಯೇ, ಕೂಸು ಹೋಯಿತು. ಈ ಸಲ ಹಾಗಾಗಬಾರದು. ನಾಲ್ಕೂ ಗಾಲಿ ತಿರುಗುವ ಗಾಡಿಯೇ ಮಳೆಗೆ ಮೊದಲು ಅಂಗಳದಲ್ಲಿ ನಿಂತಿರಬೇಕು ಎಂದು ಬರೆದಿದ್ದಿರಿ. ಮಾಣಿಕಮ್ಮನವರ ಡಬ್ಬಾ ಜೀಪನ್ನು ಮಿಸ್ತ್ರಿ ಗೌಸನಿಗೆ ತೋರಿಸಿ, ಒಳ್ಳೆಯದೋ ಕೆಟ್ಟದ್ದೋ ತಿಳಿಸು ಎಂದಿದ್ದಿರಿ.

ಮಾಣಿಕಮ್ಮ ಯಾರೆಂದು ಅಕ್ಕನಿಗೆ ನೆನಪಿರಲಿಕ್ಕಿಲ್ಲ. ಬೇಳೆ ಗಿರಣಿಯ ಬಸವಣಪ್ಪ ಸಾಹುಕಾರರ ಹೆಂಡತಿ. ಸಾಹುಕಾರರು ಹೋದ ವರ್ಷ ತೀರಿಕೊಂಡರು. ಅಂದಿನಿಂದ ಊರ ಹೊರಗಿನ, ಹುಡಗಿ ಎಂಬ ಹಳ್ಳಿಯ ದಿಕ್ಕಿನ ಗಿರಣಿಯೂ ಬಂದ್, ಅದರೊಳಗೆ ನಿಂತ ಗಾಡಿಯೂ ಬಂದ್. ಮುಂದೆ ಜೀಪಿನ ಮೂತಿ, ಹಿಂದೆ ಕಪಾಟಿನಂಥ ಮೈ, ಎಂಟು ಜನ ಕೂಡ್ರಬಹುದು, ಒಬ್ಬರು ಮಲಗಬಹುದು. ಬರುವ ಹುಣ್ಣಿಮೆಗೆ ಸಾಹುಕಾರರ ವರ್ಷದ ಕಾರ್ಯ. ಮರುದಿನ ಗಾಡಿ ನಿಮ್ಮದು ಎಂದು ಮಾತಾಗಿತ್ತು. ಅಲ್ಲಿಯ ತನಕ ಒಂದು ಕಟ್ಟಳೆ. ತೀರಿಕೊಂಡ ಯಜಮಾನ ಹೊಡೆಯುತ್ತಿದ್ದ ಗಾಡಿಯ ಗಾಲಿ ವರ್ಷ ತುಂಬುವ ತನಕ ತಿರುಗಬಾರದು. ಅದು ಅವರ ಮನೆತನದ ನೇಮ.

"ನೋಡ್ರಿ, ಮುಟ್ರಿ, ಕೆಳಗ ಹೊಕ್ಕು ಮಲಗಬೇಕಂದ್ರ ಮಲಗ್ರಿ," ಎಂದರು ಮಾಣಿಕಮ್ಮ ಸೊಂಟದಿಂದ ಕೀಲಿಕೈ ತೆಗೆದು, "ಖರೆ ಚಾಲೂ ಮಾಡಬ್ಯಾಡ್ರಿ. ಅವರು ಇನ್ನಾ ಇಳದಿಲ್ಲ."

ಅವರು ಇನ್ನೂ ಇಳಿದಿಲ್ಲ! ಮಾಮಾ, ಹೊರಗೆ ಮೇ ತಿಂಗಳ ಬಿಸಿಲು ಕಾದ ಹಂಚಿನಂತಿತ್ತು. ಗಿರಣಿಯೊಳಗೆ ಕಾಲಿಟ್ಟೊಡನೆ ಬೆನ್ನ ಮೇಲೆ ಯಾರೋ ಒದ್ದೆ ಅರಿವೆ ಹೊದಿಸಿದಂತಾಯಿತು. ಹಳೆಯ ತೊಗರಿಯ ಧೂಳು ಗಾಡಿಯ ಮೇಲೆ ಬೆರಳುದ್ದ ಕುಳಿತಿತ್ತು. ಸಾಹುಕಾರರು ಕೂಡ್ರುತ್ತಿದ್ದ ಸೀಟಿನ ಮೇಲೆ ಮಾತ್ರ ಧೂಳಿಲ್ಲ. ಮಾಣಿಕಮ್ಮ ದಿನಾಲು ಅಷ್ಟೇ ಒರೆಸುತ್ತಾರಂತೆ.

ಇನ್ನು ಶಾಸ್ತ್ರೋಕ್ತ ತಪಾಸಣೆ. ಗೌಸ ಗಾಡಿಯ ವೈದ್ಯ, ನಾನು ಕಂದೀಲು ಹಿಡಿದ ಕಂಪೌಂಡರ. ಅವನು ಮೊದಲು ಒಳಗಿನ ಚಾಪೆ ಎತ್ತಿ ತಳದ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿದ. "ಬಣ್ಣಾ ನೋಡಿ ಗಾಡಿ ಖರೀದಿ ಮಾಡೂದು ಮತ್ತ ಪೌಡರ್ ನೋಡಿ ಹೆಣ್ಣ ಒಪ್ಪೂದು ಎರಡೂ ಒಂದ, ಭಾಯಿ. ತಳಾ ನೋಡಬೇಕು." ತಳ ಗಟ್ಟಿಯಿತ್ತು. ಆಮೇಲೆ ಚಾಸಿಯ ಮೇಲೆ ಕೊರೆದ ನಂಬರನ್ನು ಸಾಹುಕಾರರ ಪುಸ್ತಕದ ನಂಬರಿನೊಂದಿಗೆ ತಾಳೆ ನೋಡಿದೆವು, ಕೂಡಿತು. ನಾಲ್ಕೂ ಟಾಯರು ಒಂದೇ ಅಳತೆಯವೇ ಎಂದು ನನ್ನ ಗಜಕೋಲಿನಿಂದಲೇ ಅಳೆಸಿದ. ಮುಂದೊಂದು ಹಿಂದೊಂದು ಅಳತೆಯಾದರೆ ನಾಲ್ಕು ಗಾಲಿಯ ಜೋರು ಹಾಕಿದಾಗ ಒಳಗಿನ ಗೇರಿನ ಹಲ್ಲು ಮುರಿಯುತ್ತದಂತೆ. ಎಣ್ಣೆಯ ಕಡ್ಡಿ ಎಳೆದು ಮೂಸಿದ, ಬೆರಳಲ್ಲಿ ತಿಕ್ಕಿದ. ಮೈಲಿಯ ಅಂಕಿ ಬರೆದುಕೊ ಎಂದ. ಅಂಗಡಿಯ ಚೀಟಿಯ ಹಿಂದೆ ಬರೆದುಕೊಂಡೆ: ೪೧,೩೦೬.

ಕೊನೆಗೆ ಗಾಡಿಯ ಕೆಳಗೆ ಹೊಕ್ಕವನು ಒಳಗಿಂದಲೇ ನಗತೊಡಗಿದ. ಮುಂದಿನ ಗಾಲಿಗಳಿಗೆ ಎಂಜಿನ್ನಿನ ಜೋರು ಒಯ್ಯುವ ಉದ್ದನೆಯ ಶಾಫ್ಟೇ ಇರಲಿಲ್ಲ! ಪೆಟ್ರೋಲು ಉಳಿಯುತ್ತದೆಂದು ನಮ್ಮ ಕಡೆ ಎಲ್ಲರೂ ಹಾಗೇ ಬಿಚ್ಚಿಡುತ್ತಾರಂತೆ. ಒಳಗೆ ಲಿವರು ಇರುತ್ತದೆ, ಎಳೆದರೆ ಬರುತ್ತದೆ, ಕೊಳ್ಳುವವನು ನಾಲ್ಕು ಗಾಲಿಯ ಗಾಡಿ ಎಂದು ಮೀಸೆ ತಿರುವುತ್ತಾನೆ. ಕೆಸರಿಗೆ ಇಳಿದ ದಿನ ಎರಡೇ ಗಾಲಿ ಅಳುತ್ತವೆ. ಆದ್ದರಿಂದ ಮಾಮಾ, ಯಾವ ಗಾಡಿಯನ್ನೇ ಕೊಳ್ಳಿ, ಲಿವರು ನೋಡಿ ನಂಬಬೇಡಿ. ಮಲಗಿ ಶಾಫ್ಟು ನೋಡಿ. ಸಾಹುಕಾರರ ಶಾಫ್ಟು ಗಿರಣಿಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು, ಮೈಮೇಲೆ ಮೂರು ಪಟ್ಟೆ ವಿಭೂತಿ ಧರಿಸಿಕೊಂಡು. ಕಾರ್ಯ ಮುಗಿದ ಮೇಲೆ ಕೂಡಿಸೋಣ ಎಂದು ಅದನ್ನು ಅಲ್ಲೇ ಬಿಟ್ಟು, ಮಾಣಿಕಮ್ಮನವರ ಕಣ್ಣೆದುರೇ ಕೀಲಿ ಹಾಕಿಸಿ ಬಂದೆವು.

ಇಲ್ಲಿಯ ತನಕ ನಾನು ನಗುತ್ತ ಬರೆದೆ. ಇನ್ನು ಮುಂದಿನದನ್ನು ಅಕ್ಕನೆದುರು ಗಟ್ಟಿಯಾಗಿ ಓದಬೇಡಿ.

ಐದು ದಿನದ ಮೇಲೆ ಮಾಣಿಕಮ್ಮ ಅಂಗಡಿಗೇ ಬಂದರು. ಸೀರೆ ನೋಡಲಿಲ್ಲ. ನನ್ನ ಕೈ ಹಿಡಿದು, "ವೈಜು, ಗೌಸಗ ಕರಕೊಂಡು ಬಾ," ಎಂದರು. ಕೈ ಹಿಮದಂತೆ ತಣ್ಣಗಿತ್ತು, ಮುಖ ಮಾತ್ರ ಮದುವೆಮನೆಯವರ ಹಾಗೆ ಬೆಳಗುತ್ತಿತ್ತು. ಹೋದೆವು. ಬಾಗಿಲ ಕೀಲಿ ಹಾಕಿದ್ದು ಹಾಕಿದಂತೆಯೇ ಇತ್ತು. ಒಳಗೆ ಮೂಲೆ ಬರಿದು. ಗೌಸ ಕಂದೀಲು ಹಿಡಿದು ಗಾಡಿಯ ಕೆಳಗೆ ಬಾಗಿದವನು ಹಾಗೇ ಹಿಂದೆ ಸರಿದು, "ತೋಬಾ, ತೋಬಾ," ಎಂದು ಕೆನ್ನೆ ಮುಟ್ಟಿಕೊಂಡ. ಶಾಫ್ಟು ತನ್ನ ಜಾಗದಲ್ಲಿ ಕೂಡಿಕೊಂಡಿತ್ತು, ವಿಭೂತಿಯ ಪಟ್ಟೆಯ ಸಮೇತ.

"ಗಾಲಿ ನೋಡ್ರಿ," ಎಂದರು ಮಾಣಿಕಮ್ಮ.

ನಾಲ್ಕೂ ಗಾಲಿಗಳಿಗೆ ಕರಿಮಣ್ಣು ಮೆತ್ತಿತ್ತು. ಹಸಿ ಮಣ್ಣು. ಆ ವಾರ ಎರಡು ಅಡ್ಡಮಳೆ ಬಿದ್ದಿದ್ದವು, ನಿಜ. ಆದರೆ ಗಿರಣಿಯ ನೆಲ ಕಲ್ಲಿನದು.

"ಬಾನೆಟ್ಟಿನ ಮ್ಯಾಲ ಕೈ ಇಡು."

ಇಟ್ಟೆ. ಮಾಮಾ, ಜ್ವರ ಬಂದವರ ಹಣೆ ಮುಟ್ಟಿದ ಹಾಗಿತ್ತು. ಕತ್ತಲೆಯಲ್ಲಿ, ತಣ್ಣನೆಯ ಕಲ್ಲಿನ ಗೋಡೆಗಳ ನಡುವೆ, ಗಾಡಿ ಬೆಚ್ಚಗೆ ಉಸಿರಾಡುತ್ತಿತ್ತು. ಒಳಗೆಲ್ಲೋ ತಗಡು ಆರುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಚೀಟಿ ತೆಗೆದು ಅಂಕಿ ನೋಡಿದೆ: ೪೧,೩೩೦.

"ಎಷ್ಟು ಹೆಚ್ಚಾಗ್ಯದ?" ಎಂದು ಕೇಳಿದರು.

"ಇಪ್ಪತ್ನಾಲ್ಕು ಮೈಲ್ರಿ."

"ನಾ ಊಟಾ ಮಾಡಿ ಅಡ್ಡ ಆಗೂ ಹೊತ್ತಿಗೇ ಹೋಗ್ತಾರ. ಬದುಕಿದ್ದಾಗೂ ಹಿಂಗಾ. ನಾ ಕಣ್ಣ ಮುಚ್ಚೂದಾ ತಡಾ, ಗಾಡಿ ತಗೊಂಡು ಗಾಯಬ್."

ಅವರಿಗೆ ಹೆದರಿಕೆಯಿಲ್ಲ, ಮಾಮಾ. ನನ್ನನ್ನು ಹೆದರಿಸಿದ್ದು ಅದೇ. ಮರುದಿನದಿಂದ ಬಾನೆಟ್ಟಿನ ಮೇಲೆ ಒಂದು ತಂಬಿಗೆ ನೀರು, ಬಟ್ಟೆಯಲ್ಲಿ ಸುತ್ತಿದ ಎರಡು ಜೋಳದ ರೊಟ್ಟಿ ಇಡತೊಡಗಿದರು. ಸಂಜೆ ನೋಡಿದರೆ ರೊಟ್ಟಿ ಹಾಗೇ ಇರುತ್ತಿತ್ತು, ತಂಬಿಗೆ ಖಾಲಿ. "ಸಾಯೂ ಮೂರು ದಿನಾ ಮೊದಲ ನನ್ನ ಕೈಲೆ ನೀರು ತಗೊಳ್ಳೂದ ಬಿಟ್ಟಿದ್ದರು," ಎಂದು ಅವರು ಆ ತಂಬಿಗೆಯನ್ನು ಬೋರಲು ಹಿಡಿದು ನನಗೆ ತೋರಿಸಿದರು. ಒಂದು ಹನಿಯೂ ಬೀಳಲಿಲ್ಲ.

ಇಷ್ಟಾದರೂ ಬಿಸಿಲಿನ ಭ್ರಮೆ ಎನ್ನಬಹುದಿತ್ತು. ಹೋದ ಗುರುವಾರ ಹುಡಗಿ ಹಳ್ಳಿಯ ಸೋನುಬಾಯಿ ಬಂದಳು. ಹೊಲದ ಕೂಲಿ ಮಾಡುವ ಗಟ್ಟಿ ಹೆಂಗಸು, ಸುಳ್ಳು ಹೇಳುವಷ್ಟು ಬಿಡುವಿಲ್ಲದವಳು. ನಾನೂ ಮಾಣಿಕಮ್ಮನವರ ಕಟ್ಟೆಯ ಮೇಲೇ ಕುಳಿತಿದ್ದೆ. ಅವಳು ಕಟ್ಟೆ ಹತ್ತಲಿಲ್ಲ. ಕೆಳಗೆ ನಿಂತೇ ಹೇಳಿದಳು.

"ಅಮ್ಮಾರೆ, ಸಾಹುಕಾರ ಗಾಡಿ ನೋಡಿದೆರಿ. ನಡು ಮಧ್ಯಾನ. ಹಳ್ಳದ ಬಾಜೂ ಹೊಲದಾಗ ಒಂದಾ ಸವನ ತಿರಗಾಕತ್ತಿತ್ತರಿ. ಕೆಸರಾಗ ಇಳೀತದ, ಏರತದ, ಮತ್ತ ಇಳೀತದ. ನಾ ಬನ್ನಿ ಗಿಡದ ಬುಡಕ್ಕ ನಿಂತಿದ್ದೆ. ಬಾಜೂಕಾ ಹಾದು ಹೋಯ್ತರಿ."

"ಹೊಡೀತಿದ್ದವರು ಯಾರ?" ಎಂದರು ಮಾಣಿಕಮ್ಮ.

ಸೋನುಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಬಿಳೀ ರುಮಾಲ ಇತ್ತರಿ. ಮಾರಿ ಇದ್ದಿಲ್ಲ."

ಮಾಣಿಕಮ್ಮ ಎದ್ದು ಒಳಗೆ ಹೋಗಿ ಅವಳಿಗೆ ಒಂದು ಸೇರು ಜೋಳ ತಂದು ಹಾಕಿದರು, ಮಗ ಹುಟ್ಟಿದ ಸುದ್ದಿ ತಂದವರಿಗೆ ಹಾಕುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ ಮಾತನ್ನು ಅಕ್ಷರ ಬಿಡದೆ ಬರೆಯುತ್ತೇನೆ.

"ಅವರು ಹೊಡಿಯೂ ಗಾಡಿ ನಾ ಹ್ಯಾಂಗ ಮಾರಲಿ, ವೈಜು? ವರ್ಷದ ಕಾರ್ಯಾನೂ ಈಗ ಮಾಡಂಗಿಲ್ಲ. ಕಾರ್ಯಾ ಆಯ್ತಂದ್ರ ಅವರು ಹೋಗಿಬಿಡ್ತಾರ. ನಿನ್ನ ಮಾಮಾಗ ಬ್ಯಾರೆ ಗಾಡಿ ನೋಡ್ಕೊ ಅನ್ನು."

ಇದು, ಮಹಾಪ್ರಭುಗಳೇ, ನಿಮ್ಮ ರಾಯಭಾರಿಯ ವರದಿ. ಮೃಗಶಿರದ ಮಳೆಗೆ ಇನ್ನು ಹನ್ನೆರಡೇ ದಿನ. ಸೋಲಾಪುರದ ಕಡೆ ಇಂಥ ಗಾಡಿಗಳು ಸಿಗಬಹುದೆಂದು ಗೌಸ ಹೇಳುತ್ತಾನೆ. ಇಷ್ಟು ಬೇಗ ಸಿಗುತ್ತದೆಯೇ ಎಂದು ಕೇಳಿದರೆ ಬೀಡಿ ಹಚ್ಚುತ್ತಾನೆ.

ಅಕ್ಕನಿಗೆ ತಂಪು ಹೊತ್ತಿನಲ್ಲಿ ನಡೆದಾಡಲು ಹೇಳಿರಿ. ಹುಣಸೆಕಾಯಿ ಕದ್ದು ತಿನ್ನುತ್ತಿದ್ದರೆ ತಿನ್ನಲಿ. ಆಶೀರ್ವಾದ ಮಾಡುವ ವಯಸ್ಸು ನನ್ನದಲ್ಲ. ಆದರೆ ಈಗ ಹೊಟ್ಟೆಯಲ್ಲಿ ಬಿಜಯಂಗೈದಿರುವ ಪ್ರಭುಗಳಿಗಿಂತ ನಾನು ಖಂಡಿತ ಹಿರಿಯ. ಅವರಿಗೆ ಮಾತ್ರ ನನ್ನ ಎರಡೂ ಕೈಗಳ ಆಶೀರ್ವಾದ: ದಾರಿ ಒಣಗಿರಲಿ, ಉಸಿರು ಜೋರಾಗಿರಲಿ, ಮೂಗು ನಿಮ್ಮದಾಗದಿರಲಿ.

ನಿಮ್ಮ ವಿಧೇಯ,
ವೈಜನಾಥ

ತಾ.ಕ.: ಲಕೋಟೆ ಅಂಟಿಸಿ ಎರಡು ದಿನ ಕಿಸೆಯಲ್ಲಿಟ್ಟುಕೊಂಡಿದ್ದೆ. ಮತ್ತೆ ಹರಿದೆ.

ಮಾಮಾ, ಮಾರಿ ಇಲ್ಲದವನು ನಾನು. ಧೂಳಿಗೆಂದು ತಲೆಗೂ ಮುಖಕ್ಕೂ ಬಿಳಿ ಟವೆಲು ಸುತ್ತಿಕೊಂಡಿದ್ದೆ. ಗಿರಣಿಯ ಇನ್ನೊಂದು ಕೀಲಿಕೈ ಸಾಹುಕಾರರ ಕಾಲದಿಂದ ಗೌಸನ ಹತ್ತಿರ ಇದೆ. ಶಾಫ್ಟು ಕೂಡಿಸಿದ್ದು ಅವನು. ಅವನ ತೋಬಾ ನಾಟಕ. ದಿನಾಲು ಮಧ್ಯಾಹ್ನ ಅಂಗಡಿ ಮುಚ್ಚಿದ ಹೊತ್ತಿನಲ್ಲಿ ನನಗೆ ಗಾಡಿ ಕಲಿಸಿದ. ಕೊಂಡಮೇಲೆ ಹೊಡೆಯುವವರು ಯಾರು? ನಿಮಗೆ ಎತ್ತಿನ ಬಾಲ ಬಿಟ್ಟರೆ ಬೇರೆ ಗೊತ್ತಿಲ್ಲ. ಶ್ರಾವಣದಲ್ಲಿ ನಾನೇ ಬಂದು ನಿಮ್ಮ ಅಂಗಳದಲ್ಲಿ ಮಲಗಬೇಕೆಂದಿದ್ದೆ. ಹಸಿ ಹೊಲದಲ್ಲಿ ಇಳಿಸಿ ಏರಿಸಿ ನೋಡಿದ್ದೇನೆ. ಗಾಡಿ ಅಪ್ಪಟ ಚಿನ್ನ. ನೀರು ಕುಡಿದವನೂ ನಾನೇ; ಬಾಯಾರಿತ್ತು. ಮೊದಲ ದಿನ ಅವರ ಮುಖ ನೋಡಿ ನಗು ಬಂತು. ಆಮೇಲೆ ಆ ಮುಖಕ್ಕೆ ನಿಜ ಹೇಳಲು ಬಾಯಿ ಬರಲಿಲ್ಲ.

ನಿನ್ನೆ ಹೇಳಿದೆ. ಮಾಣಿಕಮ್ಮ ಸೆರಗು ಮುಚ್ಚಿಕೊಂಡು ನಕ್ಕರು. "ನಿನಗ ಗಾಡಿ ಹೊಡಿಯಾಕ ಬರ್ತದಾ? ಸಾಕ ಮಾಡಪ ನಿನ್ನ ಚೇಷ್ಟಾ." ಗೌಸನನ್ನು ಕರೆತಂದೆ. "ಅವನೂ ನಿನ್ನ ಜೋಡಿದಾರನ," ಎಂದರು. ಗಾಡಿ ಹೊಡೆದು ತೋರಿಸುತ್ತೇನೆ ಎಂದರೆ, ವರ್ಷದ ಕಾರ್ಯ ಆಗದೆ ಗಾಲಿ ತಿರುಗಬಾರದು ಎಂದರು. ಈಗ ಕಾರ್ಯ ಎಲ್ಲಿಯದು? ನೀವೇ ಮೊದಲ ಬಸ್ಸಿಗೆ ಬನ್ನಿರಿ. ನೀವು ಹೇಳಿದರೆ ನಂಬುತ್ತಾರೆ. ನೀವು ಯಾರಿಗೂ ಸುಳ್ಳು ಹೇಳಿದವರಲ್ಲ.

ಇನ್ನೊಂದು ಮಾತಿದೆ. ಎರಡು ವರ್ಷದ ಹಿಂದೆ, ಅಕ್ಕನಿಗೆ ನೋವು ಬಂದಿದೆ, ಗಾಡಿ ಕಳಿಸು ಎಂದು ನೀವು ಬಸವಕಲ್ಯಾಣದಿಂದ ಕೊಟ್ಟ ತಾರು ನನಗೆ ಬೆಳಗಿನ ಹತ್ತಕ್ಕೇ ಮುಟ್ಟಿತ್ತು. ಅದನ್ನು ಹಿಡಿದುಕೊಂಡೇ ಬಸವಣಪ್ಪ ಸಾಹುಕಾರರ ಮನೆಗೆ ಓಡಿದೆ. ಆ ವರ್ಷದ ಹೋಳಿ ಹಬ್ಬದಲ್ಲಿ, ಅವರ ಬೀಗರು ಬರುತ್ತಾರೆಂದು ಒಂದು ಸುಳ್ಳು ತಾರು ಕಳಿಸಿ ಅವರನ್ನು ನಿಲ್ದಾಣದಲ್ಲಿ ಅರ್ಧ ದಿನ ಕೂಡ್ರಿಸಿದವನು ನಾನೇ. ತಾರು ಓದಿದರು, ಮಡಚಿ ನನ್ನ ಕಿಸೆಗೆ ಹಾಕಿದರು, "ಈ ಸಲ ನಾ ಹುಚ್ಚ ಆಗಂಗಿಲ್ಲ ಮಗನ," ಎಂದು ನಗುತ್ತ ಬೆನ್ನು ತಟ್ಟಿದರು. ನಾನು ಅಳುತ್ತಿದ್ದೆ. ಅದನ್ನೂ ಚಲೋ ಮಾಡುತ್ತೀ ಎಂದರು.

ಊರಲ್ಲಿ ಯಾವ ಗಾಡಿಯೂ ಇರಲಿಲ್ಲ ಎಂದು ಆಗ ನಿಮಗೆ ಹೇಳಿದ್ದೆ. ಇತ್ತು, ಮಾಮಾ. ಕೇಳಲು ಹೋದವನು ನಾನಾಗಿದ್ದೆ.