ಲೂಷಸ್ ಬಿಟ್ಟುಹೋದ ಒಲೆ

ಫೆಬ್ರವರಿ 3, 1970. ಮಂಗಳವಾರ

ಚರ್ಚಿನ ನೆಲಮಾಳಿಗೆಯ ಒಲೆ ಮತ್ತೆ ಕೈಕೊಟ್ಟಿದೆ. ಎಡಗಡೆಯ ಬರ್ನರ್ ಹತ್ತುವುದಿಲ್ಲ, ಹತ್ತಿದರೆ ಆರುವುದಿಲ್ಲ. ಜೋಳದ ಗಂಜಿ ತಳ ಹಿಡಿಯಿತು. ಮಕ್ಕಳು ತೆಪ್ಪಗೆ ತಿಂದರು, ಮಿಸೆಸ್ ಟಲ್ಲಿಯ ಮಗಳು ಜೆನೀವ ಮಾತ್ರ ಮೂಗು ಮುರಿದಳು. ಮನೆಯಲ್ಲಿ ಬ್ರೆಡ್ಡಿಗೂ ಗತಿಯಿಲ್ಲ, ನಾಲಿಗೆ ಮಾತ್ರ ಮಹಾರಾಣಿಯದು. ತಟ್ಟೆ ನೆಕ್ಕಿಯೇ ಶಾಲೆಗೆ ಹೋದಳು ಅನ್ನಿ.

ಲೂಷಸ್ ಬಂದಿದ್ದ. ನಮ್ಮ ಕರಿಯರ ಪಾರ್ಟಿಯ ಅಧ್ಯಕ್ಷ, ಶಾಲೆಗೆ ಮುಂಚೆ ಮಕ್ಕಳಿಗೆ ಈ ಊಟ ಶುರು ಮಾಡಿದವನು. ಪೇಪರಿನವರಿಗೆ 'ಅಪಾಯಕಾರಿ ಕ್ರಾಂತಿಕಾರಿ', ನನಗೆ ಒಗೆಯುವ ಬಟ್ಟೆಯನ್ನು ಇನ್ನೂ ನನ್ನ ಮನೆಗೇ ತಂದು ಸುರಿಯುವ ತಮ್ಮ. ಏಪ್ರನ್ ಕಟ್ಟಿಕೊಂಡು ಮೊಟ್ಟೆ ಕದಡುತ್ತಾ ಮಕ್ಕಳಿಗೆ ಭಾಷಣ. ಹಸಿದ ಹೊಟ್ಟೆಗೆ ಕೂಡುವ ಲೆಕ್ಕವೂ ಹತ್ತುವುದಿಲ್ಲ, ಹಾಗಾಗಿ ಮೊದಲು ಗಂಜಿ, ಆಮೇಲೆ ಕ್ರಾಂತಿ, ಎಂದ. ಮೊದಲು ಮೊಟ್ಟೆ ನೋಡು, ಕರಕಲಾಗ್ತಿದೆ ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಪೊಲೀಸರು ಹೋಬಾರ್ಟ್ ಬೀದಿಯಲ್ಲಿ ಮನೆ ಮನೆ ಹತ್ತುತ್ತಿದ್ದಾರಂತೆ. ಚರ್ಚಿನ ನೆಲಮಾಳಿಗೆಯ ಊಟದಲ್ಲಿ ರೋಗವಿದೆ, ಮಕ್ಕಳನ್ನು ಕಳಿಸಬೇಡಿ ಅಂತ. ಇವತ್ತು ಬೆಂಚುಗಳು ಪೂರ್ತಿ ತುಂಬಲಿಲ್ಲ. ಮೈ ಉರಿಯಿತು.

ಫೆಬ್ರವರಿ 5. ಗುರುವಾರ

ಎದುರಿನ ಕ್ಷೌರದಂಗಡಿ ಮುಂದೆ ಅದೇ ಬೂದು ಕಾರು. ಒಳಗೆ ಇಬ್ಬರು ಬಿಳಿಯರು. ಕಾಫಿ ಕುಡಿಯುತ್ತಾರೆ, ನಮ್ಮ ಬಾಗಿಲು ನೋಡುತ್ತಾರೆ. ನಿನ್ನೆಯಿಂದ ಕದಲಿಲ್ಲ.

ಲೂಷಸ್ ನಿದ್ದೆಗೆಟ್ಟ ಮುಖ ಹೊತ್ತು ಬಂದ. ಪಾತ್ರೆ ಒರೆಸುತ್ತಾ, ನನ್ನ ಕಡೆ ನೋಡದೆ ಹೇಳಿದ — "ನಂಗೇನಾದ್ರೂ ಆದ್ರೆ ಬಂದೂಕು ಹಿಡ್ಕೊಂಡು ನನ್ನ ಹೆಸರು ಹೇಳೋರು ಬೇಕಾದಷ್ಟು ಜನ ಸಿಗ್ತಾರೆ ನೆಟ್ಟಾ. ಈ ಒಲೆಗೆ ನೀನೊಬ್ಳೇ. ಆರಿಸ್ಬೇಡ."

ಬಾಯಿಗೆ ಒಳ್ಳೆ ಮಾತು ಬರಲ್ವಾ ನಿನಗೆ ಎಂದು ಬೈದೆ. ಬಟ್ಟೆಯಿಂದ ನನ್ನ ತಲೆಗೊಂದು ಹೊಡೆದು ಹೋದ. ಹೆದರಿಕೆಯಾಗುತ್ತಿದೆ. ಬರೆದರೆ ಕಡಿಮೆಯಾಗುತ್ತೇನೋ ಅಂದುಕೊಂಡೆ, ಇಲ್ಲ.

ಫೆಬ್ರವರಿ 9. ಸೋಮವಾರ

ಶುಕ್ರವಾರ ಬೆಳಗಿನ ಜಾವ. ಪೊಲೀಸರು ಬಾಗಿಲು ಒಡೆದು ನುಗ್ಗಿದರು. ಲೂಷಸ್ ಹಾಸಿಗೆಯಲ್ಲಿದ್ದ.

ಇದಕ್ಕಿಂತ ಹೆಚ್ಚು ಬರೆಯಲು ಕೈ ಏಳುತ್ತಿಲ್ಲ.

ನೆಲಮಾಳಿಗೆಗೆ ಬೀಗ. ಮಕ್ಕಳು ಎಲ್ಲಿ ತಿಂದವೋ, ತಿಂದವೋ ಇಲ್ಲವೋ.

ಫೆಬ್ರವರಿ 10. ಮಂಗಳವಾರ

ಅಮ್ಮ ಅಳಲಿಲ್ಲ. ಅವನ ಕರಿ ಸೂಟಿಗೆ ಇಸ್ತ್ರಿ ಹಾಕಿದಳು. ಮುಗಿದ ಮೇಲೆ ಮತ್ತೆ ನೀರು ಚಿಮುಕಿಸಿ ಮೊದಲಿನಿಂದ ಹಾಕಿದಳು. ಈ ಪಾರ್ಟಿ ಶುರುವಾದ ದಿನವೇ ನನ್ನ ಮಗ ನನ್ನ ಕೈತಪ್ಪಿದ, ಈಗ ನೀವೆಲ್ಲ ಸಮಾಧಾನವಾಗಿದ್ದೀರಾ ಎಂದು ನನ್ನನ್ನೇ ಕೇಳಿದಳು. ನಾನೂ ಅದರಲ್ಲಿ ಪಾಲುದಾರಳು ಅವಳ ಪಾಲಿಗೆ. ಊಟ ಶುರುವಾಗಿ ಎರಡು ವರ್ಷ, ಅಮ್ಮ ಒಂದು ದಿನವೂ ಆ ನೆಲಮಾಳಿಗೆಯ ಮೆಟ್ಟಿಲು ಇಳಿದವಳಲ್ಲ.

ಸಂಜೆ ಓಡೆಲ್ ಬಂದ. ಲೂಷಸ್‌ನ ಬಲಗೈ, ಈಗ ಅವನೇ ಅಧ್ಯಕ್ಷ. ಕುರ್ಚಿಯಲ್ಲಿ ಕೂರಲಿಲ್ಲ. ಶನಿವಾರದ ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಯ ಎರಡೂ ಬದಿಗೆ ಪಾರ್ಟಿಯ ಹುಡುಗರು ಬಂದೂಕು ಹಿಡಿದು ನಿಲ್ಲಬೇಕಂತೆ. ಅದು ಗೌರವ ಕಾವಲು, ಅದಿಲ್ಲದೆ ಅಧ್ಯಕ್ಷನನ್ನು ಮಣ್ಣಿಗೆ ಕಳಿಸುವುದಿಲ್ಲವಂತೆ.

ಅಮ್ಮ ಇಸ್ತ್ರಿಪೆಟ್ಟಿಗೆ ಕೆಳಗಿಡದೆ ಹೇಳಿದಳು, ನನ್ನ ಮಗನ ಸಾವಿಗೆ ಬಂದೂಕೇ ಬಂದಿತ್ತು, ಮಣ್ಣಿಗೂ ಅದೇ ಬರುವುದು ಬೇಡ. ಓಡೆಲ್ ತಲೆ ತಗ್ಗಿಸಿದ. ಒಪ್ಪಲಿಲ್ಲ.

ಫೆಬ್ರವರಿ 12. ಗುರುವಾರ

ಓಡೆಲ್ ಜೊತೆ ಜಗಳ. ಪಾರ್ಟಿ ಆಫೀಸಿನಲ್ಲಿ, ಎಲ್ಲರ ಮುಂದೆ.

ಹೇಳಿದೆ — ಶನಿವಾರ ಎದುರುಗಡೆ ಪೊಲೀಸರು ಸಾಲುಗಟ್ಟಿ ನಿಂತಿರುತ್ತಾರೆ. ಒಂದು ನೆಪ ಸಿಕ್ಕರೆ ಸಾಕು ಅವರಿಗೆ. ನಮ್ಮ ಮಕ್ಕಳು, ಗಂಜಿಗೆ ಬರುವ ಮಕ್ಕಳು, ಮುಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಒಂದು ಗುಂಡು ಹಾರಲಿ, ಅದು ಯಾರದ್ದಾದರೂ ಆಗಲಿ, ಆಮೇಲೆ ಈ ಊರಿನ ಒಬ್ಬ ತಾಯಿಯೂ ಮಗುವನ್ನು ನಮ್ಮ ಮೆಟ್ಟಿಲು ಇಳಿಸುವುದಿಲ್ಲ. ಲೂಷಸ್ ಕಟ್ಟಿದ್ದೆಲ್ಲ ಅವನ ಜೊತೆಗೇ ಹೂತುಹೋಗುತ್ತದೆ.

ಓಡೆಲ್ ಹೇಳಿದ್ದು — "ಗಂಜಿ ಹಂಚೋರು ಎಲ್ಲಾ ಊರಲ್ಲೂ ಇದಾರೆ ಅಕ್ಕ. ಅವನು ಹೆದರ್ಲಿಲ್ಲ ನೋಡು, ಅದಕ್ಕೇ ಅವನು ಲೂಷಸ್. ನಾವು ಬರಿಗೈಲಿ ಹೋದ್ರೆ ಹೆದರಿದ್ವಿ ಅಂತಾರೆ."

ಇಪ್ಪತ್ತಮೂರು ವರ್ಷ ಅವನಿಗೆ. ಈ ಚರ್ಚಿನ ಮಕ್ಕಳ ಗಾನವೃಂದದಲ್ಲಿ ಹಾಡಿದವನು, ಸದಾ ಶ್ರುತಿ ತಪ್ಪಿಸುತ್ತಿದ್ದವನು. ಬೈಯಲು ಮನಸ್ಸು ಆಗಲಿಲ್ಲ. ಎದ್ದು ಬಂದೆ.

ಫೆಬ್ರವರಿ 13. ಶುಕ್ರವಾರ

ನಮ್ಮ ಚರ್ಚಿನ ರೆವರೆಂಡ್ ಫೋರ್ಟ್ ಹತ್ತಿರ ಹೋದೆ. ಬಂದೂಕು ಬಂದರೆ ತಡೆಯುತ್ತೀರಾ ಎಂದೆ. ಪಾದ್ರಿ ಬಾಗಿಲಲ್ಲಿ ಕುಸ್ತಿಗಿಳಿದರೆ ಅದೇ ಪೇಪರಿನ ಮೊದಲ ಪುಟ, ಎಂದರು. ಪೊಲೀಸರಿಗೆ ಹೇಳುವುದಂತೂ ಆಗದ ಮಾತು.

ನಾಳೆ ಬಾಗಿಲಲ್ಲಿ ಜನರನ್ನು ಒಳಬಿಡುವ ಅಶರ್ ಆಗಿ ನಾನೇ ನಿಲ್ಲುತ್ತೇನೆ ಎಂದೆ. ಸತ್ತವನ ಅಕ್ಕ ಮನೆಯವರ ಬೆಂಚಿನಲ್ಲಿ ಕೂರಬೇಕು, ಬಾಗಿಲು ಕಾಯುವುದು ಎಲ್ಲಾದರೂ ಉಂಟೇ ಎಂದರು. ನಾಳೆ ಉಂಟು ಎಂದೆ. ನನ್ನ ಮುಖವನ್ನೇ ನೋಡುತ್ತಿದ್ದು, ಆಮೇಲೆ ನಿಧಾನವಾಗಿ, ನಾನು ಉದ್ದ ಪ್ರಾರ್ಥನೆ ಮಾಡುತ್ತೇನೆಂದು ಜನ ಮೊದಲಿನಿಂದ ಗೊಣಗುತ್ತಾರಲ್ಲವೇ ಎಂದರು.

ಅಶರ್‌ಗಳ ಬಿಳಿ ಕೈಗವಸು ಒಗೆದು ಹೀಟರ್ ಮೇಲೆ ಹಾಕಿದ್ದೇನೆ.

ಫೆಬ್ರವರಿ 14. ಶನಿವಾರ, ಸಂಜೆ

ಬೇಗ ಬರೆದುಬಿಡಬೇಕು.

ಚರ್ಚು ಕಿಕ್ಕಿರಿದಿತ್ತು. ಲೂಷಸ್ ಒಳಗೆ, ಹೂವಿನ ಮಧ್ಯೆ. ಮುಂದಿನ ಬೆಂಚಿನಲ್ಲಿ ಮಕ್ಕಳು, ಜೆನೀವ ಕೂಡ. ಅವರ ಹಿಂದೆ ಅಮ್ಮ. ನಾನು ಬಾಗಿಲಲ್ಲಿ, ಬಿಳಿ ಯೂನಿಫಾರಂ, ಎಡಗೈ ಬೆನ್ನ ಹಿಂದೆ. ರಸ್ತೆಯಾಚೆ ಹೆಲ್ಮೆಟ್ಟುಗಳ ಸಾಲು.

ಪಾರ್ಟಿಯ ಹುಡುಗರು ಕಾರುಗಳಿಂದ ಇಳಿದು ಸಾಲಾಗಿ ಬಂದರು. ಉದ್ದ ಕೋಟು. ಕೋಟಿನೊಳಗೆ ಏನಿದೆಯೆಂದು ಕುರುಡನಿಗೂ ಗೊತ್ತಾಗುವಂತಿತ್ತು. ಒಳಗೆ ಹೋಗಿ ಪೆಟ್ಟಿಗೆಯ ಪಕ್ಕ ನಿಂತು ಹೊರಗೆಳೆಯುವುದು ಅವರ ಲೆಕ್ಕ. ಓಡೆಲ್ ಮುಂದೆ.

ಅವನು ಕೊನೆಯ ಮೆಟ್ಟಿಲಿಗೆ ಕಾಲಿಡುವಾಗ ರೆವರೆಂಡ್, ಪ್ರಾರ್ಥಿಸೋಣ, ಎಂದರು. ನಾನು ಬಲಗೈ ಎತ್ತಿ ಅಂಗೈ ತೋರಿಸಿದೆ.

ಓಡೆಲ್ ನಿಂತ. ನಿಲ್ಲದೆ ಏನು ಮಾಡುತ್ತಾನೆ. ತೊಟ್ಟಿಲಿನಿಂದ ಈ ಬಾಗಿಲಲ್ಲಿ ಬೆಳೆದವನು. ಪ್ರಾರ್ಥನೆ ನಡೆಯುವಾಗ ಅಶರ್ ಕೈ ಎತ್ತಿದರೆ ಮೇಯರ್ ಬಂದರೂ ಹೊರಗೇ. ಅವನ ಹಿಂದಿದ್ದವರೂ ನಿಂತರು. ಒಬ್ಬ ಟೋಪಿಯನ್ನೂ ತೆಗೆದ, ಅಭ್ಯಾಸಬಲ.

ರೆವರೆಂಡ್ ಪ್ರಾರ್ಥಿಸಿದರು. ಲೂಷಸ್‌ಗಾಗಿ, ತಾಯಿಗಾಗಿ. ರೋಗಿಗಳಿಗಾಗಿ, ಒಬ್ಬೊಬ್ಬರ ಹೆಸರು ಹಿಡಿದು. ಉಕ್ಕಿನ ಕಾರ್ಖಾನೆಯ ರಾತ್ರಿ ಪಾಳಿಯವರಿಗಾಗಿ. ಜೈಲಿನಲ್ಲಿರುವವರಿಗಾಗಿ. ಸೋರುವ ಸೂರಿಗಾಗಿ, ಕೆಟ್ಟ ಬಾಯ್ಲರಿಗಾಗಿ ಕೂಡ. ಒಳಗೆ ಜನ ಆಮೆನ್ ಅನ್ನುತ್ತಲೇ ಇದ್ದರು. ನನ್ನ ಭುಜ ಸಿಡಿಯುತ್ತಿತ್ತು. ಹೊರಗೆ ಸರೋವರದ ಕಡೆಯ ಗಾಳಿ ಕೊರೆಯುತ್ತಿತ್ತು.

"ಕೈ ಇಳ್ಸು ನೆಟ್ಟಾ ಅಕ್ಕ," ಓಡೆಲ್ ಪಿಸುಗುಟ್ಟಿದ.

ಅಶರ್ ಮಾತಾಡುವಂತಿಲ್ಲ. ನೋಡುತ್ತಾ ನಿಂತೆ.

"ಅವನನ್ನ ಹೀಗೆ ಕಳಿಸಕ್ಕಾಗಲ್ಲ ನಂಗೆ. ಅವತ್ತು ನಾನಲ್ಲಿರ್ಬೇಕಿತ್ತು. ನಾನಿರ್ಲಿಲ್ಲ."

ಅಷ್ಟೇ, ಅವನಿಗೆ ಅಳು ಒಡೆದು ಬಂತು. ನನ್ನ ಕಣ್ಣಲ್ಲೂ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅವನನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಕೈ ಇಳಿಸಲಿಲ್ಲ. ರಸ್ತೆಯಾಚೆ ಒಬ್ಬ ಪೊಲೀಸ್ ಎರಡು ಹೆಜ್ಜೆ ಮುಂದೆ ಬಂದ... ಓಡೆಲ್‌ನ ಕೈ ಕೋಟಿನೊಳಗೆ ಹೋಯಿತು.

ಖಾಲಿ ಕೈ ಹೊರಬಂತು. ಕೋಟಿನ ಗುಂಡಿ ಹಾಕಿಕೊಂಡ. ಹಿಂದೆ ತಿರುಗಿ ಏನೋ ಹೇಳಿದ. ಹುಡುಗರು ಒಬ್ಬೊಬ್ಬರಾಗಿ ಕಾರಿನ ಹತ್ತಿರ ಹೋಗಿ, ಡಿಕ್ಕಿಗೆ ಬಗ್ಗಿ, ಕೋಟು ಹಗುರ ಮಾಡಿಕೊಂಡು ವಾಪಸು ಬಂದರು. ಕೊನೆಯಲ್ಲಿ ಓಡೆಲ್. ಡಿಕ್ಕಿ ಮುಚ್ಚಿದ ಸದ್ದಿಗೆ ನಾನು ಬೆಚ್ಚಿಬಿದ್ದೆ.

ಆಮೆನ್ ಅಂತು ಚರ್ಚು. ಕೈ ಇಳಿಸಿದೆ. ಅವರು ಪೆಟ್ಟಿಗೆಯ ಎರಡೂ ಬದಿಗೆ ಬರಿಗೈಯಲ್ಲಿ ನಿಂತರು.

ಆಮೇಲೆ ಕೋಟು ನೇತುಹಾಕುವ ಕೋಣೆಗೆ ಹೋಗಿ, ಯಾರದೋ ಒದ್ದೆ ಕೋಟಿನಲ್ಲಿ ಮುಖ ಹುದುಗಿಸಿ ಅತ್ತೆ. ನನ್ನ ತಮ್ಮ. ನನ್ನ ಲೂಷಸ್.

ಫೆಬ್ರವರಿ 16. ಸೋಮವಾರ, ಬೆಳಿಗ್ಗೆ

ಬೀಗ ತೆಗೆದೆ. ಓಡೆಲ್ ನನಗಿಂತ ಮುಂಚೆ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಅವನು ಮಂಡಿಯೂರಿ ಬರ್ನರ್ ಕೆರೆದ. ಹತ್ತಿತು.

ಗಂಜಿ ಆಯಿತು. ಮೊಟ್ಟೆ ಆಯಿತು. ತಟ್ಟೆ ಜೋಡಿಸಿದೆವು.

ಒಬ್ಬರೂ ಬರಲಿಲ್ಲ.

ಪೊಲೀಸರು ನಿನ್ನೆಯೂ ಮನೆ ಮನೆಗೆ ಹೋಗಿದ್ದರಂತೆ. ಅಲ್ಲಿಗೆ ಹೋಗುವ ಮಕ್ಕಳ ಹೆಸರು ನಮ್ಮ ಹತ್ತಿರ ಇದೆ ಎಂದರಂತೆ. ತಾಯಂದಿರನ್ನು ಬೈದು ಏನು ಪ್ರಯೋಜನ, ನನಗೇ ಮಗುವಿದ್ದಿದ್ದರೆ ನಾನು ಕಳಿಸುತ್ತಿದ್ದೆನೋ ಇಲ್ಲವೋ. ಓಡೆಲ್ ಗೋಡೆಗೊರಗಿ, ಶನಿವಾರ ಸೋತಿದ್ದಾಯ್ತು, ಇವತ್ತೂ ಸೋತೆವು ಎಂದ. ನಾನು ಒಲೆ ಆರಿಸಲು ಕೈ ಹಾಕಿದ್ದೆ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಮಗುವಿನದಲ್ಲ. ಅಮ್ಮ. ಕರಿ ಬಟ್ಟೆ, ಕರಿ ಹ್ಯಾಟು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು. ಖಾಲಿ ಬೆಂಚು ನೋಡಿದಳು. ಗಂಜಿ ಒಂದು ಚಮಚ ಬಾಯಿಗಿಟ್ಟು, ಉಪ್ಪು ಸಾಲದು ಎಂದಳು, ತಾನೇ ಹಾಕಿದಳು. ಆಮೇಲೆ ಓಡೆಲ್‌ಗೆ ಪಾತ್ರೆ ಎತ್ತಿ ಕಾರಿಗಿಡು ಎಂದಳು.

ಈಗ ಹೋಬಾರ್ಟ್ ಬೀದಿಯಲ್ಲಿದ್ದೇವೆ. ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ಸಾವಾದ ಮನೆಗೆ ಊರವರು ಊಟ ತರುವುದು ಎಲ್ಲರಿಗೂ ಗೊತ್ತು. ಸಾವಾದ ಮನೆಯವಳೇ ಪಾತ್ರೆ ಹಿಡಿದು ಬಾಗಿಲಿಗೆ ಬಂದರೆ ಏನು ಮಾಡಬೇಕೆಂದು ಯಾರಿಗೂ ಗೊತ್ತಿಲ್ಲ. ಮಿಸೆಸ್ ಟಲ್ಲಿ ಸರಪಳಿ ತೆಗೆಯದೆ, ಸಂದಿಯಿಂದ, ಯಾರು ಎಂದಳು. ಹತ್ತು ಹೆಜ್ಜೆ ಆಚೆ ಆ ಬೂದು ಕಾರು.

ಈ ಎರಡು ವರ್ಷದಲ್ಲಿ ಅಮ್ಮ ಆ ಮಾತು ಯಾರ ಮುಂದೆಯೂ ಆಡಿದ್ದನ್ನು ನಾನು ಕೇಳಿಲ್ಲ. ಇವತ್ತು ಆ ಕಾರಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು — "ನಾನು ಲೂಷಸ್‌ನ ತಾಯಿ. ಗಂಜಿ ಆರ್ತಾ ಇದೆ, ಬಾಗಿಲು ತೆಗಿಯಮ್ಮ."

ಸರಪಳಿ ಜಾರಿದ ಸದ್ದು. ಜೆನೀವ ಬಟ್ಟಲು ಹಿಡಿದು ನಿಂತಿದ್ದಳು.

ಪಕ್ಕದ ಮನೆಯ ಬಾಗಿಲೂ ತೆರೆಯುತ್ತಿದೆ. ಅಮ್ಮ ಕರೆಯುತ್ತಿದ್ದಾಳೆ, ಬರೆದಿದ್ದು ಸಾಕು, ಸೌಟು ಹಿಡಿ ಅಂತ —