ತೊಕ್ತಾರನ ಕಣ್ಣೀರು

ಅಕ್ಟೋಬರ್ ೧೭, ಗುರುವಾರ. ಕಿಜಿಲೋರ್ದಾ.

ಕತೆ ಇವತ್ತೂ ವಾಪಸ್ ಬಂತು, ಇದು ಮೂರನೆಯ ಸಲ. ಮಗಳನ್ನು ಗಂಡನ ಮನೆಗೆ ಕಳಿಸಿದ ಮೇಲೆ ನನ್ನ ಕತೆಯ ಕುದುರೆಗಾಹಿ ತೊಕ್ತಾರ ಲಾಯದಲ್ಲಿ ಒಬ್ಬನೇ ಕೂತು ಅಳುತ್ತಾನೆ. ಸಂಪಾದಕ ಸೆರಿಂಬೆತ್ ಅಣ್ಣನಿಗೆ ಆ ಒಂದು ಸಾಲು ಆಗಿಬರುವುದಿಲ್ಲ.

"ಕಜಾಕ್ ಗಂಡಸು ಅಳಲ್ಲಮ್ಮಾ. ಆ ಕಣ್ಣೀರು ಅವನ ಹೆಂಡ್ತಿಗೆ ಕೊಡು."

"ಹೋದ ತಿಂಗಳು ನಿಮ್ಮಪ್ಪ ತೀರ್ಕೊಂಡಾಗ ಬಾಗಿಲಲ್ಲಿ ಕೋಲೂರಿ ನಿಂತು, ಇಡೀ ಬೀದಿಗೆ ಕೇಳೋ ಹಾಗೆ ಗೋಳೋ ಅಂತ ಅತ್ರಲ್ಲ, ಅಣ್ಣಾ?"

"ಅದು ಸಂಪ್ರದಾಯ. ಅಳದಿದ್ರೆ ಜನ ಏನಂತಾರೆ?"

ಮೈ ಉರಿದುಹೋಯಿತು. ನಾಲ್ಕು ಜನರೆದುರು ಗೋಳಾಡಿದರೆ ಗಂಡಸು, ಒಬ್ಬನೇ ಕೂತು ಅತ್ತರೆ ಹೆಂಗಸೇ? ಆದರೂ ಬಾಯಿಗೆ ಬಂದ ಇನ್ನೊಂದು ಮಾತನ್ನು ಆಡಲಿಲ್ಲ. ಅವತ್ತು ಜನ ಚದುರಿದ ಮೇಲೆ ಅವರು ಕೋಲನ್ನು ಗೋಡೆಗೊರಗಿಸಿ, ಹಿತ್ತಲಲ್ಲಿ ಕೆಂಡ ಆರಿಹೋದ ಚಹಾದ ಸಮೋವರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಸದ್ದಿಲ್ಲದೆ ಅಳುತ್ತಿದ್ದರು. ನನ್ನನ್ನು ಕಂಡು ಗಡಬಡಿಸಿ ಎದ್ದು, "ಹೊಗೆ ಕಣಮ್ಮಾ, ಕಣ್ಣಿಗೆ ಹೋಯ್ತು" ಅಂದಿದ್ದರು.

ಇಲ್ಲ, ಹೆಂಡತಿಗೆ ಕೊಡುವುದಿಲ್ಲ. ಈಗಷ್ಟೇ ಆ ಸಾಲಿನ ಕೆಳಗೆ ಇನ್ನಷ್ಟು ಬರೆದೆ. ಹೆಂಡತಿ ಲಾಯಕ್ಕೆ ಬರುತ್ತಾಳೆ. ತೊಕ್ತಾರ ಮುಖ ತಿರುಗಿಸಿಕೊಂಡು, "ಹೊಗೆ ಕಣೇ, ಕಣ್ಣಿಗೆ ಹೋಯ್ತು" ಅನ್ನುತ್ತಾನೆ. ಲಾಯದಲ್ಲಿ ಬೆಂಕಿಯೇ ಇಲ್ಲ.

ಇದನ್ನು ಹೊಡೆದುಹಾಕಲಿ, ನೋಡೋಣ.